ನೂಲಿನ ಕೋಣೆಯ ಮಂಚ

ಆ ಭಾನುವಾರ ಮಧ್ಯಾಹ್ನ ವಾಣಿ ಎಂದಿಗಿಂತ ಬೇಗ ರೈಲಿಳಿದು ಮನೆಗೆ ಬಂದಾಗ ನಡುಮನೆಯಲ್ಲಿ ತಮ್ಮನ ಮಂಚ ಇರಲಿಲ್ಲ. ಎರಡೂವರೆ ವರ್ಷದಿಂದ ಕಿಟಕಿಯ ಪಕ್ಕ ಇದ್ದ ಕಬ್ಬಿಣದ ಮಂಚ ಅದು. ಅದರ ಜಾಗದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನೆಲವನ್ನು ಫಿನಾಯಿಲ್ ಹಾಕಿ ಒರೆಸಿ, ಅದರ ವಾಸನೆ ಹೋಗಲೆಂದು ಊದುಬತ್ತಿ ಹಚ್ಚಿದ್ದರು. ಒಂದು ಕುರ್ಚಿಯಲ್ಲಿ ಹಳ್ಳಿಯ ಹೆಂಗಸೊಬ್ಬಳು ದೊಡ್ಡ ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇನ್ನೊಂದರಲ್ಲಿ ವಾಣಿಯ ಸೋದರಮಾವ ಮುನಿಕೃಷ್ಣ ಕಾಲ ಮೇಲೆ ಕಾಲು ಹಾಕಿಕೊಂಡು ಕಾಫಿ ಹೀರುತ್ತಿದ್ದ. ಸೀರೆ ವ್ಯಾಪಾರ ಮಾಡಿಕೊಂಡಿದ್ದವನು ಅವನು, ಮಾತೇ ಅವನ ಬಂಡವಾಳ. ಭಾನುವಾರ ಎಂದೂ ಓಡದ ಕರೆಂಟಿನ ಮಗ್ಗಗಳು ಹಿಂದಿನ ಶೆಡ್ಡಿನಲ್ಲಿ ಟಕಟಕ ಬಡಿದುಕೊಳ್ಳುತ್ತಿದ್ದವು.

"ಬಂದ್ಲು ನೋಡಿ ನಮ್ ಸೈಂಟಿಸ್ಟು," ಎಂದ ಮುನಿಕೃಷ್ಣ. "ನಾನು ಹೇಳಿದ್ನಲ್ಲ, ಇವಳೇ."

ಹೆಂಗಸು ಎದ್ದು ಬಂದು ವಾಣಿಯ ಎರಡೂ ಕೈ ಹಿಡಿದುಕೊಂಡಳು.

"ನಾನು ಮುತ್ಯಾಲಮ್ಮ ಅಂತ ಕಣವ್ವ, ತೂಬಗೆರೆ. ನಮ್ಮುಡುಗಿ ಹರ್ಷಿತ ಮಾಳಿಗೆ ಮೇಲೆ ರಾಗಿ ಒಣಗಾಕಕ್ಕೆ ಹೋಗಿ ಬಿದ್ಲು. ನಾಕು ತಿಂಗ್ಳಾಯ್ತು. ಸೊಂಟದಿಂದ ಕೆಳಗೆ ಏನೂ ಇಲ್ಲ. ನಿಮ್ಮ ಇಲಿ ನೋಡಿದ್ಮೇಲೆ ಹೋದ ಜೀವ ಬಂದಂಗಾಯ್ತು."

"ಯಾವ ಇಲಿ?"

ಮುತ್ಯಾಲಮ್ಮ ಫೋನ್ ತೆಗೆದು ತೋರಿಸಿದಳು. ಗಾಜಿನ ಓಣಿಯಂಥ ಪೆಟ್ಟಿಗೆಯಲ್ಲಿ ಒಂದು ಬಿಳಿ ಇಲಿ ಹಿಂಗಾಲನ್ನು ಒಂದೊಂದಾಗಿ ಎತ್ತಿಡುತ್ತ ನಡೆಯುತ್ತಿತ್ತು. "ನೋಡೋ ವೇಣು, ಕಾಲು ಎತ್ತಿಡ್ತಿದೆ ನೋಡು," ಎಂದು ಹೆಣ್ಣುದನಿ ನಗುತ್ತ ಹೇಳುತ್ತಿತ್ತು. ದನಿ ವಾಣಿಯದೇ. ಕೆಳಗೆ ಬೆಂಗಳೂರಿನ ಯಾವುದೋ ಕ್ಲಿನಿಕ್ಕಿನ ನಂಬರು, ಅದರ ಕೆಳಗೆ 'ದೊಡ್ಡಬಳ್ಳಾಪುರದ ಹೆಮ್ಮೆಯ ಮಗಳ ಸಂಶೋಧನೆ' ಎಂದು ಬಣ್ಣದ ಅಕ್ಷರ.

"ಇದು ಬರೀ ಇಲಿಗೆ ಮಾಡಿದ್ದಮ್ಮ," ಎಂದಳು ವಾಣಿ.

"ಇಲಿಗೇ ಆಗುತ್ತೆ ಅಂದ್ರೆ ಮನುಷ್ಯರಿಗೆ ಆಗಲ್ವಾ?"

ವಾಣಿಯ ತಾಯಿ ಆದಿಲಕ್ಷ್ಮಮ್ಮ ಅಡುಗೆಮನೆಯಿಂದ ಬಂದು ಮಗಳ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದರು.

"ವೇಣು ಎಲ್ಲಮ್ಮ?"

"ಮೆಲ್ಲಗೆ ಮಾತಾಡು. ನೂಲಿನ ಕೋಣೇಲವ್ನೆ."

ನೂಲಿನ ಕೋಣೆ ಇದ್ದದ್ದು ಮಗ್ಗದ ಶೆಡ್ಡಿನ ಆಚೆ. ಫ್ಯಾನಿಲ್ಲ, ಅಂಗೈಯಗಲದ ಕಿಟಕಿ. ನೂಲಿನ ಡಬ್ಬಗಳ ನಡುವೆ ಮಂಚ ತುರುಕಿದ್ದರು. ವೇಣುಗೋಪಾಲ್ ಬೆವರಿನಲ್ಲಿ ತೊಯ್ದು ಸೂರು ನೋಡುತ್ತ ಮಲಗಿದ್ದ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ಬೈಕಿನಲ್ಲಿ ಬರುವಾಗ ನಾಯಿ ಅಡ್ಡ ಬಂದು ಬಿದ್ದವನು. ಬೆನ್ನುಹುರಿ ಜಜ್ಜಿಹೋಗಿತ್ತು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

"ಇಲ್ಲಿ ಯಾಕೋ ಹಾಕಿದಾರೆ ನಿನ್ನ?"

ಮಗ್ಗದ ಸದ್ದಿನಲ್ಲಿ ಅವನು ಕೂಗಿ ಹೇಳಬೇಕಾಯಿತು. "ತಮ್ಮನೇ ಮಲ್ಗಿದ್ರೆ ಅಕ್ಕನ ಮದ್ದು ಯಾರು ನಂಬ್ತಾರೆ?"

ದೀಪದ ಕೆಳಗೆ ಕತ್ತಲು ಎನ್ನುತ್ತಾರೆ. ಈ ಮನೆಯಲ್ಲಿ ಆ ಕತ್ತಲನ್ನು ಮನೆಯವರೇ ಸೇರಿ ಹೊತ್ತು ಹಿತ್ತಲಿಗೆ ಸಾಗಿಸಿದ್ದರು.

ಮುತ್ಯಾಲಮ್ಮ ಹೋದ ಮೇಲೆ ಮಂಚ ನಡುಮನೆಗೆ ವಾಪಸ್ಸು ಬಂತು, ಮಗ್ಗ ನಿಂತವು, ಎಲ್ಲರೂ ಊಟಕ್ಕೆ ಕೂತರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ವಿಷಯ ಹೊರಬಿದ್ದದ್ದು ಆಗ. ವಾಣಿ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ನರದ ಗಾಯಕ್ಕೆ ಸ್ಟೆಮ್ ಸೆಲ್ ಹಾಕಿ ನೋಡುವ ಕೆಲಸ ಮಾಡುತ್ತಿದ್ದಳು. ತಮ್ಮ ಬೀಳುವ ಹಿಂದಿನ ವರ್ಷವೇ ಆ ಕೆಲಸಕ್ಕೆ ಸೇರಿದ್ದಳು. ಎರಡು ತಿಂಗಳ ಹಿಂದೆ ಖುಷಿ ತಡೆಯಲಾರದೆ ಇಲಿಯ ವಿಡಿಯೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಮುನಿಕೃಷ್ಣ ಅದನ್ನು ಕ್ಲಿನಿಕ್ಕಿಗೆ ಮುಟ್ಟಿಸಿದ್ದ.

"ಹತ್ತು ಜನ ಕಳಿಸಿದ್ರೆ ವೇಣುಗೆ ಮೂರು ಇಂಜೆಕ್ಷನ್ನೂ ಬಿಟ್ಟಿ," ಎಂದ, ಮುದ್ದೆ ಮುರಿಯುತ್ತ. "ಆರು ಜನ ಆಗ್ಲೇ ಹೋಗವ್ರೆ. ಭಾವನ ಮುಖ ನೋಡಿ ಹೋಗವ್ರೆ. ಕೋದಂಡರಾಮಯ್ಯ ಸುಳ್ಳು ಹೇಳಲ್ಲ ಅಂತ ಊರಿಗೇ ಗೊತ್ತಲ್ಲ."

ಅದು ನಿಜವೇ. ವಾಣಿಯ ತಂದೆ ಕೋದಂಡರಾಮಯ್ಯನವರದೊಂದು ಪದ್ಧತಿ ಇತ್ತು. ಸೀರೆಯಲ್ಲಿ ಎಳೆ ತಪ್ಪಿದ್ದರೆ ಆ ಜಾಗದ ಅಂಚಿಗೆ ಒಂದು ಕೆಂಪು ದಾರ ಕಟ್ಟಿಯೇ ಮಡಿಸುವರು. ಬೇರೆಯವರು ತಪ್ಪನ್ನು ಮಡಿಕೆಯೊಳಗೆ ಮುಚ್ಚಿ ಸೆರಗು ಮೇಲಿಡುತ್ತಿದ್ದರೆ ಇವರು ಬೆರಳಿಟ್ಟು ತೋರಿಸುವರು. ನಲವತ್ತು ವರ್ಷದಲ್ಲಿ ಅವರ ಮಾಲನ್ನು ಬಿಚ್ಚಿ ನೋಡಿ ಕೊಂಡ ವ್ಯಾಪಾರಿ ಇಲ್ಲ.

"ಆ ಮದ್ದಲ್ಲಿ ಏನಿದೆ ಅಂತ ಗೊತ್ತಾ ಮಾವ?" ಎಂದಳು ವಾಣಿ.

"ಸ್ಟೆಮ್ ಸೆಲ್ಲು. ನೀನು ಮಾಡೋದೇ."

"ನಾನು ಮಾಡೋದನ್ನ ಇವತ್ತಿನವರೆಗೂ ಒಬ್ಬ ಮನುಷ್ಯನಿಗೂ ಕೊಟ್ಟಿಲ್ಲ. ಅವ್ರು ಚುಚ್ಚೋದು ಏನು ಅಂತ ಅವ್ರಿಗೇ ಗೊತ್ತೋ ಇಲ್ವೋ. ಬೆನ್ನೊಳಗೆ ಕೀವಾಗ್ಬೋದು, ಗಂಟು ಬೆಳೀಬೋದು. ಇರೋ ಚೂರುಪಾರು ಸ್ಪರ್ಶಾನೂ ಹೋಗ್ಬೋದು."

"ಹೋಗೋಕೆ ಇನ್ನೇನುಳಿದೈತೆ?" ಎಂದರು ತಾಯಿ.

ಕೋದಂಡರಾಮಯ್ಯನವರು ಸಾರು ಕಲಸುತ್ತ ತಲೆ ಎತ್ತಲಿಲ್ಲ. "ಮಗ್ಗದ ಹಾಸಿನಲ್ಲಿ ಉದ್ದುದ್ದ ಸಾವಿರಾರು ಎಳೆ ಇರ್ತವೆ ಕಣಮ್ಮ. ಹಳೇ ಎಳೆಗೆ ಹೊಸಾ ಎಳೆ ಒಂದೊಂದಾಗಿ ಹೊಸೆದು ಕೆಚ್ಚಿ ಕೂಡಿಸ್ತೀವಿ. ಇದು ಒಂದು ಹುರಿ. ಮನುಷ್ಯ ಮನಸ್ಸು ಮಾಡಿದ್ರೆ ಕೂಡಿಸಕ್ಕಾಗಲ್ವಾ?"

"ದಾರ ಸುಮ್ನೆ ಬಿದ್ದಿರುತ್ತೆ ಅಪ್ಪ, ಕೆಚ್ಚಿಸ್ಕೊಳುತ್ತೆ. ಬೆನ್ನುಹುರೀಲಿ ಕಡಿದ ಎಳೆ ಮುಂದಕ್ಕೇ ಬೆಳೆಯಲ್ಲ. ಗಾಯದ ಕಲೆ ಗೋಡೆ ಥರ ಅಡ್ಡ ನಿಂತಿರುತ್ತೆ. ನಾವು ಹಾಕೋ ಸೆಲ್ಲು ಆ ಎಳೆಗೆ ಒಂಚೂರು ದಾರಿ ಬಿಡಿಸ್ಕೊಡುತ್ತಾ ಅಂತ ನೋಡ್ತಿದೀವಿ. ಅಷ್ಟೇ. ನೋಡ್ತಿದೀವಿ." ಅವಳು ತಟ್ಟೆ ದೂಡಿದಳು. "ನಾಳೆ ಆ ಮುತ್ಯಾಲಮ್ಮಂಗೆ ಫೋನ್ ಮಾಡಿ ಎಲ್ಲ ಹೇಳ್ತೀನಿ."

"ಬೇಡ ಅಕ್ಕ," ಎಂದ ವೇಣು ಮಂಚದಿಂದ.

ಎಲ್ಲರೂ ಅತ್ತ ತಿರುಗಿದರು.

"ಇನ್ನು ನಾಕೇ ಜನ. ಆ ಕೋಣೇಲಿ ಬೇಯೋನು ನಾನು, ನಿನಗೇನು ಕಷ್ಟ? ನಾಕು ಭಾನುವಾರ ಬಾಯಿ ಮುಚ್ಕೊಂಡಿರು, ನಿನ್ನ ಕಾಲಿಗೆ ಬೀಳ್ತೀನಿ." ಆಮೇಲೆ ತಾನೇ ನಕ್ಕ. "ಬೀಳಕ್ಕೂ ಆಗಲ್ಲ."

ವಾಣಿ ಬಾಯಿ ಮುಚ್ಚಿಕೊಂಡಳು. ಈ ಮನೆಯ ಹೇಸಿಗೆಯಲ್ಲಿ ಅವಳ ಪಾಲೂ ಇದೆ ಎಂದು ಇಲ್ಲೇ ಹೇಳಿಬಿಡಬೇಕು. ಮುತ್ಯಾಲಮ್ಮನ ನಂಬರು ಅವಳ ಬಳಿ ಇತ್ತು. ಸೋಮವಾರ ಫೋನ್ ಮಾಡಲಿಲ್ಲ, ಮಂಗಳವಾರವೂ ಮಾಡಲಿಲ್ಲ.

ಅವಳ ದಿನಗಳು ಎಂದಿನಂತೆ ನಡೆದವು. ಬೆಳಗಿನ ರೈಲು, ಸಂಸ್ಥೆ, ಕೈಗವಸು. ತಟ್ಟೆಗಳಲ್ಲಿ ಬೆಳೆಸಿದ ಸೆಲ್ಲುಗಳಿಗೆ ಕೆಂಪನೆಯ ನೀರಾಹಾರ ಬದಲಿಸುವುದು. ಬೆನ್ನು ಜಜ್ಜಿಸಿಕೊಂಡ ಇಲಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ, ಒಂದೊಂದನ್ನೂ ಎತ್ತಿ ಹೊಟ್ಟೆಯಡಿ ಬೆರಳಿಂದ ಒತ್ತಿ ಹೊಯ್ಯಿಸಬೇಕು. ದಿನಕ್ಕೆ ಎರಡು ಸಲ, ಭಾನುವಾರವೂ ರಜೆ ಇಲ್ಲ. ಆದಿಲಕ್ಷ್ಮಮ್ಮನಿಗೆ ಇದು ಗೊತ್ತಾದಂದಿನಿಂದ ಅವರ ನಾಲಿಗೆ ಸುಮ್ಮನಿರಲಿಲ್ಲ.

"ಇಲಿಗೆ ಉಚ್ಚೆ ಹುಯ್ಸಕ್ಕೆ ಬೆಂಗ್ಳೂರಿಗೆ ಹೋಗ್ತಾಳೆ. ತಮ್ಮನ ಉಚ್ಚೆ ಚೀಲ ಚೆಲ್ಲಕ್ಕೆ ನಾನು. ಆ ಕೈಯಲ್ಲೇ ಬಂದು ಅನ್ನ ತಿಂತಾಳಲ್ಲ, ಥೂ."

"ಕೈ ತೊಳ್ಕೊಂಡಿರ್ತೀನಮ್ಮ."

"ತೊಳ್ಕೊಂಡ್ರೆ ಹೋಗುತ್ತಾ?"

ವಾಣಿ ಸಂಸ್ಥೆಯ ಹಿರಿಯರಿಗೆ ವಿಡಿಯೋ ತೋರಿಸಿದಳು. ಅವರು ಎರಡು ಸಲ ನೋಡಿದರು. ಕೇಳಿದ ಮೊದಲ ಪ್ರಶ್ನೆ, "ನಮ್ಮ ಸಂಸ್ಥೆ ಹೆಸರು ಎಲ್ಲಾದ್ರೂ ಇದ್ಯಾ?" ಇಲ್ಲ ಎಂದಾಗ ಮುಖ ಸಡಿಲವಾಯಿತು. "ಹಾಗಿದ್ರೆ ತೆಗೀರಿ ಅಂತ ಅವ್ರಿಗೊಂದು ಇಮೇಲ್ ಹಾಕಿ ಬಿಟ್ಬಿಡಮ್ಮ. ದೊಡ್ಡದು ಮಾಡ್ಬೇಡ." ಇಮೇಲಿಗೆ ಕ್ಲಿನಿಕ್ಕಿನಿಂದ ಮೂರನೇ ದಿನ ಉತ್ತರ ಬಂತು. ಹೊಸ ಶಾಖೆಯ ಉದ್ಘಾಟನೆಗೆ ಬಂದು ದೀಪ ಬೆಳಗಬೇಕೆಂದು ಕೇಳಿದ್ದರು, ಶಾಲು ಹೊದಿಸಿ ಸನ್ಮಾನವೂ ಇದೆಯಂತೆ.

ಇತ್ತ ಮನೆಯಲ್ಲಿ ಭಾನುವಾರದ ಏರ್ಪಾಡು ಮದುವೆಮನೆಯ ಕೆಲಸದಂತೆ ಕೈಗೆ ಕೂತುಬಿಟ್ಟಿತ್ತು. ಹತ್ತು ಗಂಟೆಗೆ ತಾಯಿ ಉಚ್ಚೆಯ ಚೀಲ ಚೆಲ್ಲುವರು. ಹತ್ತೂಕಾಲಿಗೆ ಮಂಚ ಹಿಂದಕ್ಕೆ. ಆಮೇಲೆ ಫಿನಾಯಿಲು, ಊದುಬತ್ತಿ. ಜನ ಬರುವ ಹೊತ್ತಿಗೆ ತಂದೆ ಮಗ್ಗ ಹಾಕುವರು. ವೇಣು ಕೆಮ್ಮಿದರೆ, ಕರೆದರೆ, ಕೇಳಬಾರದಲ್ಲ. ಮಗ್ಗ ಹಾಕಿ ತಾವು ಬಂದು ಕುರ್ಚಿಯಲ್ಲಿ ಕೂರಬೇಕು. ನೋಡುವವರಿಲ್ಲದ ಮಗ್ಗದಲ್ಲಿ ಎಳೆ ಕಡಿದರೆ ಕಡಿದಂತೆಯೇ ನೇಯ್ದುಕೊಂಡು ಹೋಗುತ್ತದೆ. ಸೋಮವಾರ ಕೋದಂಡರಾಮಯ್ಯನವರು ಆ ಸೀರೆಗಳನ್ನು ಬಿಡಿಸಿಕೊಂಡು ಕೂರುವರು. ಗೇಣಿಗೊಂದು ತಪ್ಪು, ಗೇಣಿಗೊಂದು ಕೆಂಪು ದಾರ.

"ಏನು ಭಾವ, ಸೀರೆಗೆ ದಾರದ ಗೊಂಡೆ ಹೊಲಿದಂಗೈತೆ," ಎಂದು ಮುನಿಕೃಷ್ಣ ನಕ್ಕ.

"ಮೂರು ಮಾತ್ರ ಕೆಟ್ಟವೆ," ಎಂದರು ಅವರು. ಏಳು ಕೆಟ್ಟಿದ್ದವು. ಆ ಮನುಷ್ಯ ಸೀರೆಯ ವಿಷಯದಲ್ಲಿ ಸುಳ್ಳು ಹೇಳಿದ್ದು ಅದೇ ಮೊದಲು.

ಮೂರನೇ ವಾರ ವೇಣುವಿನ ಸೊಂಟದ ಹಿಂದೆ ಹಾಸಿಗೆ ಹುಣ್ಣಾಯಿತು. ನೂಲಿನ ಕೋಣೆಯ ಸೆಕೆಯಲ್ಲಿ ಬೆವರು ಆರದೆ ಚರ್ಮ ಕೊಳೆತಿತ್ತು. ಅವನಿಗೆ ನೋವೇ ತಿಳಿಯುವುದಿಲ್ಲ, ನಾತ ಬಂದ ಮೇಲೆ ಮನೆಯವರಿಗೆ ಗೊತ್ತಾದದ್ದು. ಶನಿವಾರ ಸಂಜೆ ವಾಣಿ ಅವನನ್ನು ಮಗ್ಗುಲಿಗೆ ಹೊರಳಿಸಿ ಗಾಯ ತೊಳೆಯುತ್ತಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಎಂಟು ಜನ ಆದ್ರು. ನಾಳೆ ಮುತ್ಯಾಲಮ್ಮ ದಿನ ಗೊತ್ತುಮಾಡ್ಕೊಳಕ್ಕೆ ಬರ್ತಾಳಂತೆ. ಅಕ್ಕ, ಆ ಇಲಿ ಹೆಂಗೈತೆ ಈಗ?"

"ಯಾವ್ದು?"

"ನಡೆದಿದ್ದು."

ವಾಣಿ ಹತ್ತಿ ಬದಲಿಸಿದಳು. "ಇಲ್ಲ ಅದು."

"ಸತ್ತೋಯ್ತಾ?"

"ಕೊಂದ್ವಿ. ಎಂಟನೇ ವಾರ ಆದ್ಮೇಲೆ ಬೆನ್ನುಹುರಿ ತೆಗೆದು ಒಳಗೆ ಏನಾಗಿದೆ ಅಂತ ನೋಡ್ಬೇಕು. ಅದಕ್ಕೇ ಅಲ್ವಾ ಸಾಕಿರೋದು."

"ಅದಕ್ಕೂ ನನ್ನಂಗೇ ಪೆಟ್ಟಾಗಿತ್ತಾ?"

"ನಿನ್ನಷ್ಟಲ್ಲ. ಅಳತೆ ಮಾಡಿ ಪೆಟ್ಟು ಕೊಡ್ತೀವಿ, ನಾವೇ. ಒಂಬತ್ತನೇ ದಿನಕ್ಕೆ ಸೆಲ್ ಹಾಕ್ತೀವಿ. ನಿಂದು ಎರಡೂವರೆ ವರ್ಷ ಆಯ್ತು."

"ಹಂಗೆ ಹಾಕಿಸ್ಕೊಂಡಿದ್ದು ಎಷ್ಟು ಇಲಿ?"

"ಇಪ್ಪತ್ತು."

"ಎಲ್ಲಾ ನಡೆದ್ವಾ?"

ವಾಣಿ ಒದ್ದೆ ಹತ್ತಿಯನ್ನು ಪಕ್ಕಕ್ಕಿಟ್ಟಳು. "ಆರಕ್ಕೆ ಚೂರು ಕಾಲು ಆಡ್ತು. ಆ ಆರರಲ್ಲಿ ಚೆನ್ನಾಗಿ ನಡೆದಿದ್ದು ಒಂದೇ. ಅದನ್ನೇ ವಿಡಿಯೋ ಮಾಡಿ ಹಾಕ್ದೆ."

"ಉಳಿದವು?"

"ಹೊಟ್ಟೆ ಮೇಲೆ ಎಳ್ಕೊಂಡು ಓಡಾಡ್ತಿದ್ವು."

"ಅವನ್ನ ಹಾಕ್ಲಿಲ್ಲ ನೀನು."

"ಹಾಕ್ಲಿಲ್ಲ."

ವೇಣು ಗೋಡೆಯನ್ನೇ ನೋಡುತ್ತ ಮಲಗಿದ. "ನೀನೂ ಅಷ್ಟೇ ಬಿಡು ಅಕ್ಕ. ಅವ್ರು ನನ್ನ ನೂಲಿನ ಕೋಣೆಗೆ ಹಾಕಿದಂಗೆ ನೀನು ಆ ಹದಿನಾಲ್ಕನ್ನ ಬಚ್ಚಿಟ್ಟೆ."

ವಾಣಿ ಗಾಯಕ್ಕೆ ಪಟ್ಟಿ ಅಂಟಿಸಿದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಅವನು ನೋಡಲಿಲ್ಲ, ನೋಡಿದ್ದರೂ ಕರಗುತ್ತಿರಲಿಲ್ಲ.

ಮರುದಿನ ಮುತ್ಯಾಲಮ್ಮ ಹನ್ನೊಂದಕ್ಕೇ ಬಂದಳು. ತೂಬಗೆರೆಯಿಂದ ಬಸ್ಸಿನಲ್ಲಿ ಒಂದು ಚೀಲ ಅವರೆಕಾಯಿ ಹೊತ್ತು ತಂದಿದ್ದಳು, ತಮ್ಮ ಹೊಲದ್ದೇ, ಸೊಗಡಿನದು. ಆದಿಲಕ್ಷ್ಮಮ್ಮ ಮೊರದಲ್ಲಿ ಒಂದಿಷ್ಟು ಸುರಿದುಕೊಂಡು ಮಾತಾಡುತ್ತಲೇ ಸುಲಿಯತೊಡಗಿದರು. ಹಿಂದೆ ಮಗ್ಗ ಬಡಿಯುತ್ತಿತ್ತು. ಆ ದಿನದ ಇಲಿಗಳ ಕೆಲಸವನ್ನು ಜೊತೆಯವರಿಗೆ ಒಪ್ಪಿಸಿ ಮನೆಯಲ್ಲೇ ಉಳಿದಿದ್ದ ವಾಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೂತಿರು ಸಾಕು, ಮಾತಾಡಬೇಡ ಎಂದು ತಂದೆ ಬೆಳಗ್ಗೆಯೇ ಹೇಳಿದ್ದರು.

"ಇರೋ ಎರಡು ಹಸು ಮಾರ್ಬಿಟ್ವಿ," ಎಂದಳು ಮುತ್ಯಾಲಮ್ಮ. "ಸಾಲ್ದು. ನಮ್ಮಣ್ಣ ಒಂಚೂರು ಕೊಡ್ತೀನಿ ಅಂದವ್ನೆ. ನಮ್ಮುಡುಗಿ ಒಂದೇ ಸಮ ಕೇಳ್ತಾಳೆ, ಆ ಅಕ್ಕ ಏನಂದ್ರು, ಆ ಅಕ್ಕ ಏನಂದ್ರು ಅಂತ. ನೀವೊಂದು ಮಾತು ಹೇಳ್ಬಿಡಿ ತಾಯಿ, ನಾನು ಹೋಗಿ ಹೇಳ್ತೀನಿ."

"ಅವಳೇನು ಹೇಳ್ತಾಳೆ, ಅವಳ ಕೆಲಸವೇ ಹೇಳ್ತೈತಲ್ಲ," ಎಂದ ಮುನಿಕೃಷ್ಣ. "ಬುಧವಾರ ಒಳ್ಳೇ ದಿನ. ಬುಧವಾರ ಕರ್ಕೊಂಡು ಬನ್ನಿ."

"ಸ್ವಾಮಿ, ನೀವು ಹೇಳಿ," ಎಂದು ಮುತ್ಯಾಲಮ್ಮ ಕೋದಂಡರಾಮಯ್ಯನವರ ಕಡೆ ತಿರುಗಿದಳು. "ನಮ್ಮೂರಲ್ಲೂ ನಿಮ್ಮ ಹೆಸ್ರು ಹೇಳ್ತಾರೆ. ಸೀರೆ ಕೆಟ್ಟಿದ್ರೆ ಕೆಟ್ಟೈತೆ ಅಂತ ದಾರ ಕಟ್ತೀರಂತೆ."

ಕೋದಂಡರಾಮಯ್ಯನವರು ಗಂಟಲು ಸರಿಮಾಡಿಕೊಂಡರು. ಅವರು ಏನು ಹೇಳುತ್ತಿದ್ದರೋ ಯಾರಿಗೂ ತಿಳಿಯದು. ಅಷ್ಟರಲ್ಲಿ ಕರೆಂಟು ಹೋಯಿತು.

ಮಗ್ಗಗಳು ಒಮ್ಮೆಲೇ ನಿಂತವು. ಮನೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ಮಾತ್ರ ಉಳಿಯಿತು.

"ಅಮ್ಮಾ," ಎಂದು ಹಿಂದಿನಿಂದ ದನಿ ಬಂತು. "ಉಚ್ಚೆ ಚೀಲ ತುಂಬೈತೆ. ಬಾಮ್ಮ."

ಆದಿಲಕ್ಷ್ಮಮ್ಮನ ಕೈ ನಿಂತಿತು. ಮುನಿಕೃಷ್ಣ ಎದ್ದು, "ಪಕ್ಕದ ಮನೆಯೋರು," ಎಂದ.

"ಪಕ್ಕದ ಮನೆಯೋರಲ್ಲ," ಎಂದಿತು ದನಿ, ಇನ್ನೂ ಗಟ್ಟಿಯಾಗಿ. "ನಾನು ವೇಣುಗೋಪಾಲ, ಈ ಮನೆ ಮಗ. ಎರಡೂವರೆ ವರ್ಷದಿಂದ ಮಲಗಿದೀನಿ. ಅಕ್ಕಾ, ಬಂದು ಮಂಚ ಈಚೆ ತಗಿ."

ವಾಣಿ ಓಡಿದಳು. ಮಂಚದ ತಲೆಯ ಕಡೆ ಹಿಡಿದು ಒಬ್ಬಳೇ ಎಳೆದಳು. ಕಬ್ಬಿಣದ ಕಾಲು ನೆಲವನ್ನು ಕೊರೆಯುತ್ತ ಕಿರುಗುಟ್ಟಿತು. ಶೆಡ್ಡಿನ ಹೊಸ್ತಿಲಲ್ಲಿ ಮಂಚ ಸಿಕ್ಕಿಕೊಂಡಿತು. ಆಚೆ ತುದಿಯನ್ನು ಯಾರೋ ಎತ್ತಿದರು. ನೋಡಿದರೆ ತಂದೆ. ಇಬ್ಬರೂ ಸೇರಿ ಅದನ್ನು ನಡುಮನೆಗೆ ತಂದು ಕಿಟಕಿಯ ಪಕ್ಕ ಇಟ್ಟರು.

ಮುತ್ಯಾಲಮ್ಮ ಎದ್ದು ನಿಂತಿದ್ದಳು. ಒಣಗಿದ ಕಾಲು ನೋಡಿದಳು, ಮಂಚಕ್ಕೆ ನೇತುಹಾಕಿದ ಕೊಳವೆ ನೋಡಿದಳು. ಮಗಳಿಗೂ ಅದೇ ಕೊಳವೆ, ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ.

"ಇವ್ರಿಗೆ ಆ ಮದ್ದು ಕೊಡ್ಲಿಲ್ವಾ?" ಎಂದು ಕೇಳಿದಳು.

ಮುನಿಕೃಷ್ಣ ಬಾಗಿಲ ಕಡೆ ಸರಿದ.

"ನೀವು ಒಬ್ರು ಬಂದ್ರೆ ಒಂಬತ್ತಾಯ್ತು," ಎಂದ ವೇಣು. "ಇನ್ನೊಬ್ರು ಸಿಕ್ಕಿದ್ರೆ ನನಗೆ ಬಿಟ್ಟಿ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಅಕ್ಕನ ಸಂಸ್ಥೆಗೂ ಆ ಕ್ಲಿನಿಕ್ಕಿಗೂ ಸಂಬಂಧ ಇಲ್ಲ. ಇಪ್ಪತ್ತು ಇಲೀಲಿ ಚೆನ್ನಾಗಿ ನಡೆದಿದ್ದು ಒಂದು, ಅದನ್ನೂ ಕೊಂದವ್ರೆ."

ಮುತ್ಯಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಕುಡಿದ ಕಾಫಿಯನ್ನೇ ಒರೆಸಿ ತೆಗೆಯುವಂತೆ. ಎಕ್ಸ್‌ರೇ ಕವರು ಕಂಕುಳಿಗೆ ಸೇರಿಸಿ ಬಾಗಿಲವರೆಗೆ ಹೋದಳು. ಅಲ್ಲಿಂದ ವಾಪಸ್ಸು ಬಂದು ಅವರೆಕಾಯಿ ಚೀಲ ಎತ್ತಿಕೊಂಡಳು. ಆದಿಲಕ್ಷ್ಮಮ್ಮನ ಮುಂದಿನ ಮೊರವನ್ನೂ ತೆಗೆದು, ಸುಲಿದ ಕಾಳು, ಸಿಪ್ಪೆ, ಎಲ್ಲವನ್ನೂ ಚೀಲಕ್ಕೆ ಸುರಿದುಕೊಂಡಳು.

"ಹೆತ್ತ ಮಗನ್ನ ಬಚ್ಚಿಟ್ಟು ಊರೋರ ಮಕ್ಳನ್ನ ಮಾರಿದ್ರಲ್ಲಮ್ಮ," ಎಂದಳು. "ನಿಮ್ಮ ಮನೇಲಿ ನೀರು ಕುಡಿದಿದ್ದಕ್ಕೆ ನನಗೇ ಹೇಸಿಗೆ ಆಗ್ತೈತೆ."

ಅವಳು ಹೋದ ಮೇಲೆ ಮುನಿಕೃಷ್ಣ ಮೊದಲು ಬಾಯಿ ಬಿಟ್ಟ. "ಒಬ್ಳು ಹೋದ್ರೆ ಹೋಗ್ಲಿ ಬಿಡಿ ಭಾವ. ಎಂಟಂತೂ ಆಗೈತೆ. ಹೊಸಕೋಟೆ ಕಡೆಯೋರು ಇಬ್ರು ಕೇಳ್ತಾವ್ರೆ."

"ಎದ್ದೋಗು," ಎಂದರು ಕೋದಂಡರಾಮಯ್ಯನವರು.

"ಭಾವ, ನಾನು ಯಾರಿಗೋಸ್ಕರ—"

"ಆ ಎಂಟು ಜನದ ನಂಬರ್ ವಾಣಿಗೆ ಕಳ್ಸು. ಕಳಿಸ್ಬಿಟ್ಟು ಎದ್ದೋಗು."

ಅವನು ಕಳಿಸಿದ, ಗೊಣಗುತ್ತ ಚಪ್ಪಲಿ ಮೆಟ್ಟಿಕೊಂಡು ಹೋದ. ಆದಿಲಕ್ಷ್ಮಮ್ಮ ಬಕೆಟ್ಟು ತೆಗೆದುಕೊಂಡು ಮಂಚದ ಬಳಿ ಬಗ್ಗಿದರು. ಚೀಲವನ್ನು ಮುಟ್ಟಿ ನೋಡಿದರು. ಹತ್ತು ಗಂಟೆಗೆ ಅವರೇ ಚೆಲ್ಲಿದ್ದು. ತಳದಲ್ಲಿ ಒಂದು ಗುಟುಕಿನಷ್ಟೂ ಇರಲಿಲ್ಲ.

"ಖಾಲಿ ಐತಲ್ಲೋ," ಎಂದರು.

"ಹೂಂ," ಎಂದ ವೇಣು.

ತಾಯಿ ಬಕೆಟ್ಟು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಮಗನ ಕಾಲ ಮೇಲೆ ಕೈಯಿಟ್ಟರು. ಅವನಿಗೆ ಅದು ತಿಳಿಯಲಿಲ್ಲ, ಕಂಡಿತಷ್ಟೆ.

ಕೋದಂಡರಾಮಯ್ಯನವರು ಫೋನ್ ತೆಗೆದು ಮೊದಲ ನಂಬರು ತಾವೇ ಒತ್ತಿದರು. ಸ್ಪೀಕರ್ ಹಾಕಿ ಮಂಚದ ಮೇಲಿಟ್ಟರು. ನೆಲಮಂಗಲದ ಕಡೆಯವರು, ಗಂಡನಿಗೆ ಲಾರಿ ತಾಗಿ ಬೆನ್ನು ಮುರಿದಿತ್ತು. ಹೆಂಡತಿ ಎತ್ತಿಕೊಂಡಳು.

"ನಾನಮ್ಮ, ದೊಡ್ಡಬಳ್ಳಾಪುರದ ಕೋದಂಡರಾಮಯ್ಯ."

"ಅಯ್ಯೋ ಸ್ವಾಮಿ, ನಾನೇ ಮಾಡ್ಬೇಕು ಅನ್ಕೊಂಡಿದ್ದೆ. ಎರಡನೇ ಇಂಜೆಕ್ಷನ್ ಆಯ್ತು. ಮೂರು ದಿನದಿಂದ ಜ್ವರ ಬಿಟ್ಟಿಲ್ಲ. ಮದ್ದು ಕೆಲಸ ಮಾಡ್ತಾ ಇರೋದಕ್ಕೇ ಜ್ವರ ಅಂತ ಕ್ಲಿನಿಕ್ಕಲ್ಲಿ ಹೇಳವ್ರೆ. ಬೆಳಗ್ಗೆ ಹೆಬ್ಬೆಟ್ಟು ಆಡ್ತು ಅಂತಾರೆ ಇವ್ರು. ನನಗೆ ಕಾಣ್ಲಿಲ್ಲ, ಆದ್ರೂ ಆಡಿರ್ಬೋದು. ನಿಮ್ಮ ಮಾತು ನಂಬಿ ಹೋಗಿದ್ದು ಸ್ವಾಮಿ, ನೀವು ನೂರು ಕಾಲ ಬಾಳಿ."

ಕೋದಂಡರಾಮಯ್ಯನವರು ಫೋನನ್ನು ಮಗಳ ಕಡೆ ಸರಿಸಿದರು. ಗೇಣಿಗೊಂದು ದಾರ ಕಟ್ಟಿದ ಆ ಬೆರಳುಗಳು ಮಂಚದ ಅಂಚು ಹಿಡಿದುಕೊಂಡವು. ವಾಣಿ ಫೋನನ್ನು ಕೈಗೆತ್ತಿಕೊಂಡಳು.

"ಅಮ್ಮ, ಮೊದ್ಲು ಅವ್ರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗ್ಲೇ. ಆ ಕ್ಲಿನಿಕ್ಕಿಗಲ್ಲ."

ಆಚೆ ಆ ಹೆಂಗಸು ಸಂತೋಷದಿಂದ ಕೇಳಿದಳು.

"ಇಲಿ ವಿಡಿಯೋದಲ್ಲಿ ನಗೋರು ನೀವೇ ಅಲ್ವಾ? ದಿನಾ ಹಾಕ್ಕೊಂಡು ಕೇಳ್ತೀವಿ ತಾಯಿ. ದನಿ ಕೇಳಿದ ತಕ್ಷಣ ಗೊತ್ತಾಯ್ತು."

"ಹೌದು, ನಾನೇ," ಎಂದಳು ವಾಣಿ. "ಒಂಚೂರು ಕೂತ್ಕೊಳ್ಳಿ ಅಮ್ಮ, ಹೇಳೋದಿದೆ."